ಬೆಂಕಿಯಂಗಿಗೆ ಗುಲಾಬಿ ಪರಿಮಳ

ಮಾರ್ಚ್ ೩, ಸೋಮವಾರ

ದೊಡ್ಡ ಮನುಷ್ಯರೆಲ್ಲ ದಿನಚರಿ ಬರೆಯುತ್ತಾರಂತೆ. ಇವತ್ತು ಮಧ್ಯಾಹ್ನ ಮೂರೂವರೆಯಿಂದ ನಾನೂ ಆ ಸಾಲಿಗೆ ಸೇರಿದ್ದೇನೆ. ಕಾರ್ಖಾನೆಯ ಈ ವರ್ಷದ ಅತ್ಯುತ್ತಮ ವಿಭಾಗವೆಂಬ ಫಲಕ ನಮ್ಮ ಲಾಂಡ್ರಿಗೆ ಬಂತು. ವಿಭಾಗವೆಂದರೆ ನಾನು, ಇಬ್ಬರು ಸಹಾಯಕಿಯರು, ನಾಲ್ಕು ಒಗೆಯುವ ಮೆಷಿನು, ಎರಡು ಒಣಗಿಸುವ ಮೆಷಿನು. ಮ್ಯಾನೇಜರು ಕೈಕುಲುಕಿದರು. ನನ್ನ ಕೈ ಒದ್ದೆಯಿತ್ತು. ಅವರು ತಮ್ಮ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುವ ಕ್ಷಣವನ್ನೇ ಫೋಟೋದವನು ಸರಿಯಾಗಿ ಹಿಡಿದಿದ್ದಾನೆ.

ಬರೆಯುತ್ತಿರುವುದು ಬಟ್ಟೆ ಮೆತ್ತಗಾಗಿಸುವ ಸಾಫ್ಟ್‌ನರ್ ಮಾರುವ ಕಂಪನಿಯವರು ಹೊಸ ವರ್ಷಕ್ಕೆ ಬಿಟ್ಟಿ ಕೊಟ್ಟ ಡೈರಿಯಲ್ಲಿ. ರಟ್ಟಿನ ಮೇಲೆ ಒಂದು ಟವೆಲ್ಲು ಹಲ್ಲು ಕಿರಿಯುತ್ತಿದೆ. ಇರಲಿ. ನನ್ನ ಪರಿಚಯವನ್ನು ನಾನೇ ಮಾಡಿಕೊಡುತ್ತೇನೆ, ಬೇರೆ ಯಾರೂ ಮಾಡುವ ಲಕ್ಷಣ ಕಾಣುವುದಿಲ್ಲ. ವಯಸ್ಸು ಐವತ್ತಮೂರು. ಇಪ್ಪತ್ತೆರಡು ವರ್ಷ ಒಂದು ದೊಡ್ಡ ಹೋಟೆಲಿನ ಬೆಡ್‌ಶೀಟು ಒಗೆದೆ. ಹೋಟೆಲು ಮುಚ್ಚಿತು. ಹನ್ನೊಂದು ತಿಂಗಳ ಹಿಂದೆ ಈ ಎರಕದ ಕಾರ್ಖಾನೆಯವರು ಕರೆದರು. ಇಲ್ಲಿ ಕಬ್ಬಿಣ ಕರಗಿಸಿ ಅಚ್ಚಿಗೆ ಹುಯ್ಯುತ್ತಾರೆ. ಹುಯ್ಯುವವರಿಗೆ ಬೇರೆಯೇ ಅಂಗಿ, ಪ್ಯಾಂಟು. ದಪ್ಪ ಹತ್ತಿಬಟ್ಟೆ, ಅದಕ್ಕೆ ಏನೋ ಮದ್ದು ಕುಡಿಸಿರುತ್ತಾರೆ. ಕಿಡಿ ಬಿದ್ದರೆ ಬಿದ್ದಲ್ಲೇ ಕರಿಕಾಗಿ ಆರಿಹೋಗುತ್ತದೆ, ಹತ್ತಿಕೊಂಡು ಉರಿಯುವುದಿಲ್ಲ. ಎಲ್ಲರೂ ಬೆಂಕಿಯಂಗಿ ಎನ್ನುತ್ತಾರೆ. ನಾನು ಬಂದಾಗ ಆ ಅಂಗಿಗಳು ನೆಲದ ಮೇಲಿಟ್ಟರೆ ಒಳಗೆ ಮನುಷ್ಯನಿಲ್ಲದೆ ತಾವೇ ನಿಲ್ಲುವಷ್ಟು ಬಿರುಸಾಗಿದ್ದವು.

ಈಗ ಮುಟ್ಟಿ ನೋಡಬೇಕು. ಹೋಟೆಲಿನಲ್ಲಿ ಕಲಿತ ವಿದ್ಯೆಯನ್ನೆಲ್ಲ ಅವುಗಳ ಮೇಲೆ ಸುರಿದಿದ್ದೇನೆ. ಕೊನೆಯ ನೀರಿಗೆ ಗುಲಾಬಿ ಪರಿಮಳದ ಸಾಫ್ಟ್‌ನರ್, ಕಾಲರಿಗೂ ತೋಳಿಗೂ ತೆಳುವಾಗಿ ಗಂಜಿ, ಕಲೆ ಹಟ ಹಿಡಿದರೆ ಒಂದು ಮುಚ್ಚಳ ಬ್ಲೀಚು. ತೋಳಿನ ಮಡಿಕೆಯಲ್ಲಿ ಬೆರಳು ಕೊಯ್ದುಕೊಳ್ಳಬಹುದು, ಅಷ್ಟು ಚೂಪಾದ ಇಸ್ತ್ರಿ. ಫಲಕವನ್ನು ಮೆಷಿನುಗಳ ಎದುರಿನ ಗೋಡೆಗೆ ಹೊಡೆದೆ. ಮೊಳೆ ಎರಡು ಸಲ ಬಗ್ಗಿತು. ಇತಿಹಾಸ ಅದನ್ನು ಬರೆಯಬೇಕಾಗಿಲ್ಲ.

ಮಾರ್ಚ್ ೭, ಶುಕ್ರವಾರ

ನಿಜ ಹೇಳಬೇಕೆಂದರೆ ಸಾಫ್ಟ್‌ನರ್ ಹಾಕಲು ಶುರುಮಾಡಿದ್ದು ನಮ್ಮ ಅಳಿಯಂದಿರಿಗಾಗಿ. ಅವರೂ ಇಲ್ಲೇ ಎರಕ ಹುಯ್ಯುತ್ತಾರೆ. (ಮಗಳ ಎದುರು ಬಹುವಚನ ಬಳಸಿ ಬಳಸಿ ಡೈರಿಯಲ್ಲೂ ಅದೇ ಬರುತ್ತಿದೆ.) ಕಾಲರು ಉಜ್ಜಿ ಅವರ ಕುತ್ತಿಗೆ ಕೆಂಪಗೆ ಗುಳ್ಳೆ ಏಳುತ್ತಿತ್ತು. "ಅಪ್ಪಾ, ಬಟ್ಟೆ ಒಗೆಯೋದೇ ನಿಮ್ಮ ಕೆಲಸ, ಏನಾದ್ರೂ ಮಾಡೋಕಾಗಲ್ವಾ" ಎಂದಳು ಮಗಳು. ಮಾಡಿದೆ. ಒಂದು ಅಂಗಿಗೆ ಮಾಡಿದ್ದು ಮುನ್ನೂರು ಅಂಗಿಗೆ ಹಬ್ಬಿತು. ಅಳಿಯಂದಿರ ಕುತ್ತಿಗೆ ಈಗ ಮಗುವಿನ ಕೆನ್ನೆಯಂತಿದೆ.

ಇವತ್ತು ಉದ್ದಣ್ಣ ಲಾಂಡ್ರಿಯ ಕಿಟಕಿಗೆ ಬಂದ. ಉದ್ದಣ್ಣ ಎನ್ನುವುದು ಅವನ ಹೆಸರಲ್ಲ, ಅಳತೆ. ಅಳಿಯಂದಿರ ಜೊತೆ ಒಂದೇ ಪಾಳಿಯಲ್ಲಿ ಕೆಲಸ. ಮಾತಾಡಬೇಕಾದರೆ ಕಿಟಕಿಯಲ್ಲಿ ಬಗ್ಗಬೇಕು.

"ಯಜಮಾನ್ರೇ, ನಿಮ್ಮಿಂದ ನನ್ನ ಸಂಸಾರ ಹಾಳಾಗ್ತಿದೆ" ಎಂದ.

"ಯಾಕಪ್ಪ?"

"ಎಂಟು ಗಂಟೆ ಕುಲುಮೆ ಮುಂದೆ ಬೆಂದು ಮನೆಗೆ ಹೋದ್ರೆ ಮೈಯೆಲ್ಲ ಗುಲಾಬಿ ವಾಸನೆ. ಎಲ್ಲಿಗೆ ಹೋಗಿದ್ದೆ, ನಿಜ ಹೇಳು ಅಂತಾಳೆ ನನ್ನ ಹೆಂಡ್ತಿ."

ಸಹಾಯಕಿಯರು ಬಟ್ಟೆ ಮಡಚುವುದನ್ನು ಬಿಟ್ಟು ನಕ್ಕರು. ನಾನು ಗಂಭೀರವಾಗಿದ್ದಂತೆ ನಟಿಸಿದೆ. ಮನೆಗೆ ಬಂದು ಹೆಂಡತಿಗೆ ಆ ಮಾತನ್ನು ಮೂರು ಸಲ ಹೇಳಿದೆ. ಮೂರನೆಯ ಸಲ ಅವಳು ಎದ್ದು ಹೋದಳು.

ಮಾರ್ಚ್ ೧೩, ಗುರುವಾರ

ಅಕ್ಷರ ಕೆಟ್ಟಿದೆ. ಓದುವವನು ನಾನೊಬ್ಬನೇ, ಪರವಾಗಿಲ್ಲ.

ಬೆಳಗ್ಗೆ ಹತ್ತೂಕಾಲಿಗೆ ಕುಲುಮೆಯ ಕಡೆ ಅಪಾಯದ ಗಂಟೆ ಹೊಡೆಯಿತು. ಅಚ್ಚಿನಲ್ಲಿ ಎಲ್ಲೋ ತೇವ ಉಳಿದಿತ್ತಂತೆ, ಹುಯ್ಯುತ್ತಿದ್ದ ಕಬ್ಬಿಣ ಸಿಡಿಯಿತು. ಇಂಥದ್ದು ವರ್ಷಕ್ಕೆ ಒಂದೆರಡು ಸಲ ಆಗುತ್ತದೆ. ಅದಕ್ಕೆಂದೇ ಬೆಂಕಿಯಂಗಿ. ಕಿಡಿ ಬೀಳುತ್ತದೆ, ಬಟ್ಟೆ ಕರಿಕಾಗುತ್ತದೆ, ಮನುಷ್ಯ ಅಚ್ಚು ಮಾಡಿದವನನ್ನು ಬೈದು ಮತ್ತೆ ಕೆಲಸಕ್ಕೆ ನಿಲ್ಲುತ್ತಾನೆ. ಇವತ್ತು ಉದ್ದಣ್ಣನ ಬಲತೋಳಿನ ಮೇಲೆ ಬಿದ್ದ ಬೆಂಕಿ ಆರಲಿಲ್ಲ. ಮಣಿಕಟ್ಟಿನಿಂದ ಮೊಣಕೈಗೆ, ಅಲ್ಲಿಂದ ಭುಜಕ್ಕೆ ಓಡಿತು. ಅಳಿಯಂದಿರು ಅವನನ್ನು ನೆಲಕ್ಕೆ ಕೆಡವಿ ಬೆಂಕಿ ಆರಿಸುವ ಕಂಬಳಿ ಹೊದಿಸಿ ಅದುಮಿ ಹಿಡಿದರಂತೆ. ಕೈ ಪೂರ್ತಿ ಸುಟ್ಟಿದೆ, ಕುತ್ತಿಗೆಯ ಒಂದು ಬದಿಯೂ. ಜೀವಕ್ಕೆ ಅಪಾಯವಿಲ್ಲ ಎಂದಿದ್ದಾರೆ ಆಸ್ಪತ್ರೆಯವರು.

ಅಳಿಯಂದಿರು ಕಿಟಕಿಗೆ ಬಂದು ನಿಂತರು. ಹುಬ್ಬಿನ ಕೂದಲು ಸುಟ್ಟಿತ್ತು.

"ಮಾವ, ಬಟ್ಟೆ ಆರಲೇ ಇಲ್ಲ" ಎಂದರು. "ಆರಬೇಕಿತ್ತಲ್ವಾ? ಕಾಗದ ಉರಿದ ಹಾಗೆ ಉರೀತು."

"ಕಂಪನಿಯವರು ಕಳಪೆ ಬಟ್ಟೆ ಕೊಟ್ಟಿರಬೇಕು" ಎಂದೆ. ಎಷ್ಟು ಬೇಗ ಹೇಳಿದೆನೆಂದರೆ ಮೊದಲೇ ಬಾಯಿಪಾಠ ಮಾಡಿಟ್ಟ ಹಾಗಿತ್ತು.

ಮಾರ್ಚ್ ೧೪, ಶುಕ್ರವಾರ

ವಿಚಾರಣೆ. ಬಟ್ಟೆ ಪೂರೈಸಿದವರು ಪರೀಕ್ಷೆಯ ವರದಿ ತೋರಿಸಿದರು, ಅವರ ಬಟ್ಟೆಯಲ್ಲಿ ದೋಷವಿಲ್ಲ. ಹಾಗಾದರೆ ಉದ್ದಣ್ಣನ ತೋಳಿಗೆ ಎಣ್ಣೆ ತಾಗಿರಬೇಕು, ಅವನೇ ಗಮನಿಸಿಲ್ಲ ಎಂದರು ಮ್ಯಾನೇಜರು. ಸುರಕ್ಷತೆಯ ಅಧಿಕಾರಿ ನಮ್ಮ ಮಗಳಷ್ಟೇ ವಯಸ್ಸಿನ ಹುಡುಗಿ, ಎಲ್ಲರೂ ಸೇಫ್ಟಿ ಮೇಡಂ ಎನ್ನುತ್ತಾರೆ. ಅವಳು ನನ್ನ ಕಡೆ ತಿರುಗಿ, "ಒಗೆಯೋ ವಿಧಾನದಲ್ಲಿ ಏನಾದ್ರೂ ಬದಲಾವಣೆ ಆಗಿದ್ಯಾ, ಯಜಮಾನ್ರೇ?" ಎಂದು ಕೇಳಿದಳು.

"ಇಪ್ಪತ್ಮೂರು ವರ್ಷದಲ್ಲಿ ನನ್ನ ಒಗೆತದ ಬಗ್ಗೆ ಒಂದು ದೂರು ಬಂದಿಲ್ಲ ಮೇಡಂ" ಎಂದೆ. "ಬೇಕಾದ್ರೆ ಬಂದು ಫಲಕ ನೋಡಿ."

ಎದೆ ಉಬ್ಬಿಸಿ ಹೇಳಿದ್ದರಿಂದ ಅಂಗಿಯ ಒಂದು ಗುಂಡಿ ಬಿಚ್ಚಿಕೊಂಡಿತು. ಯಾರೂ ನಗಲಿಲ್ಲ.

ಮಾರ್ಚ್ ೧೮, ಮಂಗಳವಾರ

ಸುಟ್ಟುಹೋದದ್ದರ ಬದಲಿಗೆ ಹೊಸ ಬೆಂಕಿಯಂಗಿ ಬಂತು. ಅದರ ನಂಬರು ಬರೆದುಕೊಳ್ಳಲು ಕನ್ನಡಕ ಹಾಕಿಕೊಂಡೆ. ಕನ್ನಡಕ ಹಾಕಿಕೊಂಡು ಈ ಅಂಗಿಯ ಒಳಗನ್ನು ನೋಡಿದ್ದು ಇದೇ ಮೊದಲು. ಕಾಲರಿನ ಕೆಳಗೆ ಹೆಬ್ಬೆರಳಗಲದ ಬಿಳಿ ಚೀಟಿ ಹೊಲಿದಿದ್ದಾರೆ. ಹನ್ನೊಂದು ತಿಂಗಳಿಂದ ಅದು ಮುದುರದಂತೆ ಹುಷಾರಾಗಿ ಅದರ ಮೇಲೆ ಇಸ್ತ್ರಿ ಎಳೆದಿದ್ದೇನೆ. ಓದಿರಲಿಲ್ಲ.

ಬಟ್ಟೆ ಮೆತ್ತಗಾಗಿಸುವ ದ್ರವ ಹಾಕಬೇಡಿ. ಗಂಜಿ ಹಾಕಬೇಡಿ. ಬ್ಲೀಚ್ ಬಳಸಬೇಡಿ. ಹಾಕಿದರೆ ಬೆಂಕಿ ತಡೆಯುವ ಗುಣ ಕೆಡುತ್ತದೆ.

ಮೂರಕ್ಕೆ ಮೂರೂ. ಶಾಲೆಯಲ್ಲಿ ಯಾವ ಪರೀಕ್ಷೆಯಲ್ಲೂ ನೂರಕ್ಕೆ ನೂರು ತೆಗೆದವನಲ್ಲ ನಾನು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ, ಅಕ್ಷರ ಬದಲಾಗಿರಬಹುದೆಂದು. ಆಮೇಲೆ ಅಂಗಿಯನ್ನು ಮಡಚಿ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಒಂದು ಅಂಗಿಗೆ ಬೀಗ ಹಾಕಿದರೆ ಉಳಿದ ಮುನ್ನೂರರ ಕಾಲರಿನ ಚೀಟಿಗಳು ಎಲ್ಲಿಗೆ ಹೋಗುತ್ತವೆ ಎಂದು ಮಾತ್ರ ಕೇಳಬೇಡಿ.

ಮಾರ್ಚ್ ೧೯, ಬುಧವಾರ

ಸಂಜೆ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಪ್ರಯೋಗ ಮಾಡಿದೆ. ಹೊಸ ಅಂಗಿಯ ಅಂಚಿನಿಂದ ಒಂದು ಪಟ್ಟಿ, ನಾನು ಒಗೆದು ಒಗೆದು ಹಳತಾದ ಅಂಗಿಯಿಂದ ಒಂದು ಪಟ್ಟಿ. ಒಂದು ಮೇಣದ ಬತ್ತಿ, ಒಂದು ಬಕೆಟ್ ನೀರು. ಹೊಸ ಪಟ್ಟಿ ಜ್ವಾಲೆಗೆ ಹಿಡಿದಷ್ಟು ಹೊತ್ತು ಕರಿಕಾಯಿತು, ತೆಗೆದೊಡನೆ ಆರಿತು. ನನ್ನ ಪಟ್ಟಿ ತೆಗೆದ ಮೇಲೂ ಉರಿಯಿತು. ಬೆರಳಿನ ತನಕ ಬಂತು. ಬಕೆಟ್ಟಿಗೆ ಎಸೆದೆ. ಬಚ್ಚಲಮನೆ ತುಂಬ ಹೊಗೆ. ಅದರಲ್ಲಿ ಸುಳಿದೂ ಸುಳಿಯದ ಹಾಗೆ ಗುಲಾಬಿ ವಾಸನೆ.

ಹೆಂಡತಿ ಬಾಗಿಲು ತಟ್ಟಿದಳು. "ಏನ್ರೀ ಸುಡ್ತಿದೀರಿ?"

"ಏನಿಲ್ಲ. ಕೆಲಸದ್ದು."

"ಬಚ್ಚಲಲ್ಲಿ ಎಂಥ ಕೆಲಸ?"

ತೆರೆದೆ. ಅವಳು ಬಕೆಟ್ಟಿನಲ್ಲಿ ತೇಲುತ್ತಿದ್ದ ಎರಡು ತುಂಡು ನೋಡಿದಳು, ನನ್ನ ಬೆರಳು ನೋಡಿದಳು. ಕೂರಿಸಿ ಕೇಳಿದಳು, ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ವಾದ ಮಾಡಲು ಏನಾದರೂ ಸಿಗುತ್ತಿತ್ತು.

"ಆ ಉದ್ದಣ್ಣನ ಕೈ ಈಗ ಹೇಗಿದೆಯಂತೆ?" ಎಂದಳು, ಅಷ್ಟೇ.

ಗೊತ್ತಿಲ್ಲ ಎಂದೆ. ಆರು ದಿನವಾದರೂ ಕೇಳಿರಲಿಲ್ಲ.

ಮಾರ್ಚ್ ೨೦, ಗುರುವಾರ

ಹೇಳಬೇಕೆಂದು ಸೇಫ್ಟಿ ಮೇಡಂ ಕೋಣೆಯ ತನಕ ಹೋದೆ. ಅವಳು ಫೋನಿನಲ್ಲಿದ್ದಳು. ಕಾದೆ. ಫೋನು ಮುಗಿಸಿ, "ಏನು ಯಜಮಾನ್ರೇ?" ಎಂದಳು. "ಲಾಂಡ್ರಿಯ ಟ್ಯೂಬ್‌ಲೈಟು ಮಿಣುಕುತ್ತಿದೆ" ಎಂದೆ. ಬರೆದುಕೊಂಡಳು. ಮಧ್ಯಾಹ್ನ ಒಬ್ಬ ಬಂದು ಚೆನ್ನಾಗಿದ್ದ ಟ್ಯೂಬ್‌ಲೈಟು ಬದಲಾಯಿಸಿ ಹೋದ.

ಸಾಫ್ಟ್‌ನರ್, ಗಂಜಿ, ಬ್ಲೀಚು ಮೂರನ್ನೂ ನಿಲ್ಲಿಸಿದ್ದೇನೆ. ಬಂದ ಅಂಗಿಗಳನ್ನೆಲ್ಲ ಬರೀ ಸಾಬೂನಿನಲ್ಲಿ, ಬಿಸಿನೀರಿನಲ್ಲಿ ಎರಡೆರಡು ಸಲ ಒಗೆಯುತ್ತಿದ್ದೇನೆ. ಹೀಗೆ ಒಂದು ವಾರ ಗುಟ್ಟಾಗಿ ಒಗೆದರೆ ಎಲ್ಲ ಸರಿಹೋಗುತ್ತದೆ, ಯಾರಿಗೂ ಹೇಳಬೇಕಾಗುವುದಿಲ್ಲ ಎಂದು ಲೆಕ್ಕ ಹಾಕಿದ್ದೇನೆ. ಬ್ಲೀಚು ಕುಡಿದವು ಸರಿಹೋಗುತ್ತವೆಯೋ ಇಲ್ಲವೋ ತಿಳಿಯದು. ಯಾವುದಕ್ಕೆ ಬ್ಲೀಚು ಹಾಕಿದ್ದೆ ಎನ್ನುವುದೂ ನೆನಪಿಲ್ಲ. ಇಷ್ಟು ಬಿಟ್ಟರೆ ಉಪಾಯ ಬಲು ಚೆನ್ನಾಗಿದೆ.

ಮಾರ್ಚ್ ೨೨, ಶನಿವಾರ

ಆಸ್ಪತ್ರೆಗೆ ಹೋದೆ. ಮಂಚ ಉದ್ದಣ್ಣನಿಗೆ ಸಾಲದೆ ಕಾಲ ತುದಿಗೆ ಒಂದು ಸ್ಟೂಲಿಟ್ಟಿದ್ದರು. ಬಲಗೈ ಬೆರಳಿನಿಂದ ಭುಜದ ತನಕ ಬಿಳಿ ಪಟ್ಟಿ. ಅವನ ಹೆಂಡತಿ ಕಿಟಕಿಯ ಹತ್ತಿರ ಕೂತಿದ್ದಳು. ನಾನು ಕಿತ್ತಳೆ ಒಯ್ದಿದ್ದೆ.

"ನೀವ್ಯಾಕೆ ಬರೋಕೆ ಹೋದ್ರಿ ಯಜಮಾನ್ರೇ, ಅಷ್ಟು ದೂರ" ಎಂದ.

ನೋವಿದೆಯಾ ಎಂದು ಕೇಳಿದೆ. ಪಟ್ಟಿ ಬದಲಾಯಿಸುವಾಗ ಇದೆ ಎಂದ. ಆಮೇಲೆ, "ಎಣ್ಣೆ ತಾಗಿತ್ತು ಅಂತ ಒಂದು ಕಾಗದ ಕಳಿಸಿದಾರೆ, ರುಜು ಹಾಕಬೇಕಂತೆ" ಎಂದ.

"ತಾಗಿತ್ತಾ?"

"ಇಲ್ಲ ಅಂದ್ಕೊಂಡಿದ್ದೆ. ಈಗ ಮಲಗಿ ಮಲಗಿ ಯೋಚನೆ ಮಾಡಿದ್ರೆ ನನಗೇ ಅನುಮಾನ. ಬೆಳಗ್ಗೆ ಎಣ್ಣೆ ಹಚ್ಚಿದ ಸರಪಳಿ ಮುಟ್ಟಿದ್ದೆ. ಆ ಕೈಯನ್ನ ತೋಳಿಗೆ ಒರೆಸ್ಕೊಂಡ್ನೇನೋ. ಹುಷಾರಾಗಿರೋನು ನಾನು, ಹೇಗೆ ಹಾಗೆ ಮಾಡಿದೆ ಅಂತ."

"ಇಡೀ ದಿನ ಇದೇ ಯೋಚನೆ" ಎಂದಳು ಅವನ ಹೆಂಡತಿ. "ಊಟ ಕೂಡ ಸರಿಯಾಗಿ ಮಾಡಲ್ಲ."

ನಾನು ಒಂದು ಕಿತ್ತಳೆ ಸುಲಿದೆ. ಇನ್ನೊಂದು ಸುಲಿದೆ. ಮೂರನೆಯದೂ ಮುಗಿದ ಮೇಲೆ ನೋಡುತ್ತೇನೆ, ರೋಗಿಗೆಂದು ಒಯ್ದ ಹಣ್ಣನ್ನೆಲ್ಲ ನಾನೇ ತಿಂದಿದ್ದೆ. ಸಿಪ್ಪೆಯನ್ನು ಜೇಬಿಗೆ ಹಾಕಿಕೊಂಡು ಬಂದೆ.

ಮಾರ್ಚ್ ೨೩, ಭಾನುವಾರ

ಮಗಳು, ಅಳಿಯಂದಿರು ಊಟಕ್ಕೆ ಬಂದಿದ್ದರು. ನಾಳೆ ದೊಡ್ಡ ಎರಕವಿದೆ, ಬೆಳಗ್ಗೆ ಆರಕ್ಕೇ ಹೋಗಬೇಕು ಎಂದರು ಅಳಿಯಂದಿರು.

"ನಾಳೆ ಹೋಗಬೇಡಿ" ಎಂದೆ. "ರಜೆ ಹಾಕಿ. ಈ ವಾರ ಪೂರ್ತಿ ಹಾಕಿ."

"ಯಾಕೆ ಮಾವ?"

"ಸುಮ್ನೆ. ವಿಶ್ರಾಂತಿ ಆಗುತ್ತೆ."

ಬಡಿಸುತ್ತಿದ್ದ ಹೆಂಡತಿ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. "ನಿಮ್ಮ ಅಳಿಯನಿಗೆ ಮಾತ್ರ ರಜೆನಾ?" ಎಂದಳು. "ಉಳಿದವರಿಗೆ ಅವರವರ ಮಾವಂದಿರು ಬಂದು ಹೇಳಬೇಕಾ?"

ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಬೇಕಾದಷ್ಟು ಸಲ ಬೈದಿದ್ದಾಳೆ. ಹೀಗೆ ಮೆತ್ತಗೆ ಯಾವತ್ತೂ ಹೇಳಿರಲಿಲ್ಲ. ತಟ್ಟೆ ನೋಡುತ್ತ ಎಲ್ಲ ಹೇಳಿದೆ. ಚೀಟಿ, ಬಚ್ಚಲಮನೆ, ಟ್ಯೂಬ್‌ಲೈಟು, ಕಿತ್ತಳೆ. ಮಗಳು ಬಾಯಿಗೆ ಕೈ ಹಿಡಿದು ಕೂತಳು. ಕುತ್ತಿಗೆಯ ಗುಳ್ಳೆಯ ವಿಷಯ ಮೊದಲು ಎತ್ತಿದವಳು ತಾನೇ ಎಂದು ಅವಳಿಗೆ ನೆನಪಾಗಿರಬೇಕು. ಅದು ಅವಳ ತಪ್ಪಲ್ಲ ಎಂದು ನಾನು ಹೇಳಬೇಕಿತ್ತು, ಆಗ ಹೊಳೆಯಲಿಲ್ಲ.

ಅಳಿಯ ಎಂಜಲುಗೈಯಲ್ಲೇ ಎದ್ದ. "ಈಗ ಮಧ್ಯಾಹ್ನದ ಪಾಳಿಯಲ್ಲಿ ಇಪ್ಪತ್ತು ಜನ ಇದಾರೆ ಮಾವ. ಫೋನ್ ಮಾಡಿ."

"ಊಟ ಮುಗಿಸಿ..."

"ಈಗ ಮಾಡಿ."

ಮಾಡಿದೆ. ಸೇಫ್ಟಿ ಮೇಡಂ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಒಂದೇ ಪ್ರಶ್ನೆ.

"ನಿಮಗೆ ಎಷ್ಟು ದಿನದಿಂದ ಗೊತ್ತು?"

"ಮಂಗಳವಾರದಿಂದ."

"ಇವತ್ತು ಭಾನುವಾರ" ಎಂದಳು. ಫೋನು ಇಟ್ಟಳು.

ಹತ್ತು ನಿಮಿಷದಲ್ಲಿ ಎರಕ ನಿಲ್ಲಿಸಿದರೆಂದು ಅಳಿಯನಿಗೆ ಸುದ್ದಿ ಬಂತು. ಅವನು ಕೈತೊಳೆದು ಬಂದು ಕೂತ. ಊಟ ಆರಿಹೋಗಿತ್ತು. ಎಲ್ಲರೂ ಅದನ್ನೇ ತಿಂದೆವು.

ಮಾರ್ಚ್ ೨೬, ಬುಧವಾರ

ಮೂರು ದಿನ ಕುಲುಮೆ ತಣ್ಣಗಿತ್ತು. ಎಲ್ಲ ಅಂಗಿಗಳಿಂದ ಪಟ್ಟಿ ಕತ್ತರಿಸಿ ಉರಿಸಿ ನೋಡಿದರು, ಬಚ್ಚಲಮನೆಯಲ್ಲಲ್ಲ, ಸರಿಯಾದ ಕಡೆ. ಸಾಫ್ಟ್‌ನರ್, ಗಂಜಿ ಮಾತ್ರ ಕುಡಿದವು ಮತ್ತೆ ಮತ್ತೆ ಬಿಸಿನೀರಲ್ಲಿ ಒಗೆದರೆ ಚೇತರಿಸಿಕೊಳ್ಳುತ್ತವಂತೆ. ಬ್ಲೀಚು ತಾಗಿದ ತೊಂಬತ್ತನಾಲ್ಕು ಸತ್ತ ಹಾಗೆ. ಅವು ಯಾವುವು ಗೊತ್ತೇ, ಯಾವುದರ ಮೇಲೆ ನಾನು ಅತಿ ಹೆಚ್ಚು ಮುತುವರ್ಜಿ ವಹಿಸಿದ್ದೆನೋ ಅವು. ಒಂದು ಚುಕ್ಕೆ ಕಲೆ ಉಳಿಯಬಾರದು ಎಂದು ನಾನು ಹಟ ಹಿಡಿದಿದ್ದ ಅಂಗಿಗಳು. ಕೊಳಕಾಗಿ ಬಿಟ್ಟಿದ್ದ ಅಂಗಿಗಳೇ ಬದುಕಿವೆ. ಸೋಮಾರಿಯಾಗಿದ್ದಿದ್ದರೆ ನಾನು ಎಂಥ ಒಳ್ಳೆಯ ಕೆಲಸಗಾರನಾಗಿರುತ್ತಿದ್ದೆ.

ಯಾರೂ ಮತ್ತೆ ಹಾಕಿಕೊಳ್ಳದಂತೆ ತೊಂಬತ್ತನಾಲ್ಕನ್ನೂ ಬೆನ್ನಿನ ಮೇಲೆ ಉದ್ದಕ್ಕೆ ಸೀಳುವ ಕೆಲಸ ನನಗೇ ಕೊಟ್ಟರು. ಕತ್ತರಿ ಹಿಡಿದ ಬೆರಳಿಗೆ ಬೊಬ್ಬೆ ಬಂತು.

ಮ್ಯಾನೇಜರು ಬಹಳ ಹೊತ್ತು ಕೂಗಾಡಿದರು. ಕೆಲಸದಿಂದ ತೆಗೆಯಬೇಕೆಂದಿದ್ದರಂತೆ. ತೆಗೆಯಲಿಲ್ಲ, ಸಹಾಯಕನನ್ನಾಗಿ ಮಾಡಿದರು. ನನ್ನ ಸಹಾಯಕಿಯರಲ್ಲಿ ದೊಡ್ಡವಳೇ ಇನ್ನು ನನ್ನ ಮೇಲಧಿಕಾರಿ. ಮೊದಲ ಅಪ್ಪಣೆಯಾಗಿ, "ಅಣ್ಣಾ, ಆ ಫಲಕ ಇಳಿಸಿಬಿಡಿ, ನೋಡೋಕೆ ಒಂಥರಾ ಆಗುತ್ತೆ" ಎಂದಳು. ಇಳಿಸಿದೆ. ಹೊಡೆಯುವಾಗ ಬಗ್ಗಿದ್ದ ಮೊಳೆ ಕೀಳುವಾಗ ಮಾತ್ರ ಸಲೀಸಾಗಿ ಬಂತು.

ಹೊರಡುವಾಗ ಸೇಫ್ಟಿ ಮೇಡಂ ಕರೆದಳು. ವರದಿ ತೋರಿಸಿದಳು. "ಹೋಟೆಲಿಂದ ಬಂದವರಿಗೆ ಈ ಬಟ್ಟೆ ಬಗ್ಗೆ ನಾವು ಏನೂ ಕಲಿಸಲಿಲ್ಲ. ಲಾಂಡ್ರಿಗೆ ನಾನು ಒಂದು ಸಲಾನೂ ಬಂದು ನೋಡಲಿಲ್ಲ. ಅದನ್ನೂ ಬರೆದಿದೀನಿ, ನನ್ನ ಹೆಸರು ಹಾಕಿ" ಎಂದಳು.

ನನಗೆ ಸ್ವಲ್ಪ ಹಗುರಾಯಿತು. ಮುಖದಲ್ಲಿ ಕಂಡಿರಬೇಕು.

"ಹನ್ನೊಂದು ತಿಂಗಳು ನಮ್ಮೆಲ್ಲರದು, ಯಜಮಾನ್ರೇ. ಆ ಐದು ದಿನ ಮಾತ್ರ ನಿಮ್ಮೊಬ್ಬರದು."

ಮಾರ್ಚ್ ೨೯, ಶನಿವಾರ

ಉದ್ದಣ್ಣನನ್ನು ನೋಡಲು ಹೋಗಬೇಕು. ಬಸ್ಸು ಸಿಗಲಿಲ್ಲ.

ಮಾರ್ಚ್ ೩೧, ಸೋಮವಾರ

ಮೊನ್ನೆ ಬಸ್ಸು ಸಿಕ್ಕಿತ್ತು. ಹತ್ತಲಿಲ್ಲ. ಸುಳ್ಳು ಬರೆಯಲು ಡೈರಿಯಾದರೂ ಯಾಕೆ.

ಏಪ್ರಿಲ್ ೨, ಬುಧವಾರ

ಉದ್ದಣ್ಣನನ್ನು ಮನೆಗೆ ಕಳಿಸಿದ್ದಾರೆ. ಹೋದೆ, ಬರಿಗೈಯಲ್ಲಿ. ಹಣ್ಣು ಒಯ್ಯುವ ಧೈರ್ಯವಾಗಲಿಲ್ಲ. ಅಷ್ಟರಲ್ಲಿ ಎಲ್ಲರ ಬಾಯಿಂದಲೂ ಅವನಿಗೆ ವಿಷಯ ತಿಳಿದಿತ್ತು. ಆದರೂ ನಾನು ಹೇಳಬೇಕಿತ್ತು. ಬಸ್ಸಿನಲ್ಲಿ ತಯಾರು ಮಾಡಿಕೊಂಡಿದ್ದ ಮಾತುಗಳನ್ನೆಲ್ಲ ಬಿಟ್ಟು, "ಅಂಗಿ ಕೆಡಿಸಿದ್ದು ನಾನು. ಗೊತ್ತಾದ ಮೇಲೂ ಐದು ದಿನ ಬಾಯಿ ಬಿಡಲಿಲ್ಲ. ಆಸ್ಪತ್ರೆಗೆ ಬಂದಾಗಲೂ ಗೊತ್ತಿತ್ತು" ಎಂದೆ.

ಅವನು ಪಟ್ಟಿ ಸುತ್ತಿದ ಕೈಯನ್ನು ನೋಡಿದ.

"ಹಾಗಾದ್ರೆ ಎಣ್ಣೆ ಇರಲಿಲ್ಲ" ಎಂದ.

"ಇರಲಿಲ್ಲ."

"ನಾನು ಒರೆಸ್ಕೊಂಡಿರಲಿಲ್ಲ."

"ಇಲ್ಲಪ್ಪ."

ಅವನ ಭುಜ ಸ್ವಲ್ಪ ಕೆಳಗಿಳಿಯಿತು. ಉಸಿರು ಬಿಟ್ಟ. ಕ್ಷಮಿಸುತ್ತಾನೇನೋ ಎಂದು ನಾನು, ಈ ಮುಖೇಡಿ, ಆಸೆಯಿಂದ ನೋಡಿದೆ.

"ಈಗ ಹೊರಡಿ ಯಜಮಾನ್ರೇ" ಎಂದ.

ಅವನ ಹೆಂಡತಿ ಬಾಗಿಲು ಹಾಕಿದಳು. ಬಡಿಯಲಿಲ್ಲ, ಮೆಲ್ಲಗೆ ಹಾಕಿದಳು. ಚಿಲಕದ ಸದ್ದು ಮೆಟ್ಟಿಲಿನ ತನಕ ಕೇಳಿಸಿತು.

ಏಪ್ರಿಲ್ ೧೭, ಗುರುವಾರ

ನನಗೊಂದು ಹೊಸ ಹೆಸರು ಬಂದಿದೆ: ಗುಲಾಬಿ. ಕ್ಯಾಂಟೀನಿನಲ್ಲಿ ಸಾಲಿನಲ್ಲಿ ನಿಂತಿದ್ದಾಗ ಹಿಂದಿನಿಂದ ಯಾರೋ, "ಗುಲಾಬಿಯವರಿಗೆ ಜಾಗ ಬಿಡಿ" ಎಂದರು. ಬಿಟ್ಟರು. ಟೀ ಬೇಗ ಸಿಕ್ಕಿತು.

ಮೇ ೮, ಗುರುವಾರ

ಅಂಗಿಗಳು ಮತ್ತೆ ಬಿರುಸಾಗಿವೆ. ಅಳಿಯನ ಕುತ್ತಿಗೆ ಮತ್ತೆ ಕೆಂಪಾಗಿದೆ. ಅವನು ದೂರಲಿಲ್ಲ, ಭಾನುವಾರ ಊಟಕ್ಕೆ ಬಂದಾಗ ನಾನೇ ನೋಡಿದೆ. ಮಗಳು ಅದರತ್ತ ನೋಡದೆ ಉಣ್ಣುತ್ತಿದ್ದಳು. ಈ ಸಲ ನಾನೇ ಅವಳನ್ನು ಅಡುಗೆಮನೆಗೆ ಕರೆದು, ಅವತ್ತಿನದರಲ್ಲಿ ನಿನ್ನ ತಪ್ಪು ಏನೂ ಇಲ್ಲ ಎಂದೆ. "ಗೊತ್ತು ಬಿಡಿ ಅಪ್ಪಾ" ಎಂದು ಮೂಗು ಒರೆಸಿಕೊಂಡಳು. ಗೊತ್ತಿರಲಿಲ್ಲ ಎನಿಸುತ್ತದೆ.

ಒಂದು ಅಂಗಿಯನ್ನು ಬರೀ ನೀರಿನಲ್ಲಿ ಜಾಲಾಡಿಸಿ ನೋಡಿದೆ. ನೀರು ನೊರೆನೊರೆಯಾಯಿತು. ಸಾಬೂನು ಬಟ್ಟೆಯಲ್ಲೇ ಉಳಿಯುತ್ತಿದೆ, ಬಿರುಸಿಗೂ ಗುಳ್ಳೆಗೂ ಅದೇ ಕಾರಣವಿರಬೇಕು. ಇನ್ನೊಂದು ಸಲ ಬರೀ ನೀರು ಕೊಟ್ಟರೆ ಹೇಗೆ? ನೀರಲ್ಲವೇ, ಏನು ಕೆಟ್ಟೀತು ಎಂದು ಮೆಷಿನಿನ ಗುಂಡಿಯ ತನಕ ಕೈ ಹೋಯಿತು. ವಾಪಸ್ ತೆಗೆದು ಸೇಫ್ಟಿ ಮೇಡಂ ಹತ್ತಿರ ಹೋಗಿ ಕೇಳಿದೆ. ಅವಳು ಬಟ್ಟೆ ಕಂಪನಿಗೆ ಬರೆದು ಕೇಳಿದಳು. ಮೂರು ದಿನದ ಮೇಲೆ ಇವತ್ತು ಉತ್ತರ ಬಂತು, ಮಾಡಬಹುದು ಎಂದು. ಇಡೀ ಭೂಮಿಯ ಮೇಲೆ ನೀರು ಹಾಕಲು ಕಾಗದ ಬರೆದು ಒಪ್ಪಿಗೆ ತೆಗೆದುಕೊಂಡ ಮನುಷ್ಯ ನಾನೊಬ್ಬನೇ ಇರಬೇಕು. ನಾನು ತಂಗಿ ಎಂದು ಕರೆಯುವ ನನ್ನ ಮೇಲಧಿಕಾರಿ ನಕ್ಕಳು.

ಮೇ ೨೯, ಗುರುವಾರ

ಅಳಿಯನ ಕುತ್ತಿಗೆ ವಾಸಿ.

ಜೂನ್ ೯, ಸೋಮವಾರ

ಉದ್ದಣ್ಣ ಕೆಲಸಕ್ಕೆ ಬಂದ. ಪಾಳಿ ಮುಗಿಸಿ ಎರಡೂವರೆಗೆ ಲಾಂಡ್ರಿಗೆ ಬಂದ. ಕಿಟಕಿಗಲ್ಲ, ಬಾಗಿಲಿಗೆ. ಎಡಗೈಯಲ್ಲಿ ಬೆಂಕಿಯಂಗಿಯ ಸುರುಳಿ. ಬಲಗೈಯ ಚರ್ಮ ಬೆರಳಿನ ತನಕ ಹೊಳೆಯುತ್ತಿತ್ತು, ಎಳೆದು ಅಂಟಿಸಿದ ಹಾಗೆ.

"ಇದನ್ನ ಒಗೀರಿ" ಎಂದ.

"ಬುಟ್ಟಿಗೆ ಹಾಕಪ್ಪ, ಸಂಜೆ..."

"ಈಗ. ನಾನು ನೋಡ್ತೀನಿ."

ಮೇಲಧಿಕಾರಿ ತಂಗಿ ನನ್ನತ್ತ ನೋಡಿ ತಲೆಯಾಡಿಸಿದಳು. ಸಾಬೂನಿನ ಡಬ್ಬ ಅವನ ಕೈಗೆ ಕೊಟ್ಟೆ. ಓದಿದ. ಮೂಸಿದ. ಕಾಲರಿನ ಚೀಟಿಯನ್ನು ನಾನು ಗಟ್ಟಿಯಾಗಿ ಓದಬೇಕೆಂದ, ಓದಿದೆ. ಮೆಷಿನು ಶುರುವಾಯಿತು. ಒಂದು ಒಗೆತಕ್ಕೆ ನಲವತ್ತೆರಡು ನಿಮಿಷ. ಅವನು ಗಾಜಿನ ಬಾಗಿಲಿನ ಮುಂದೆ ಕೈಕಟ್ಟಿ ನಿಂತ. ಕುರ್ಚಿ ತಂದಿಟ್ಟೆ, ಕೂರಲಿಲ್ಲ. ಅವನು ನಿಂತಿರುವಾಗ ನಾನು ಕೂರುವುದು ಹೇಗೆ ಎಂದು ನಾನೂ ನಿಂತೆ. ಖಾಲಿ ಕುರ್ಚಿ ಇಬ್ಬರ ನಡುವೆ ಮುಖ್ಯ ಅತಿಥಿಯ ಹಾಗೆ ಕೂತಿತ್ತು. ಕೊನೆಗೆ ಉದ್ದಣ್ಣ ಅಂಗಿಯನ್ನು ತೆಗೆದು ಮೂಗಿಗೆ ಹಿಡಿದು ನೋಡಿ ಒಣಗಲು ಕೊಟ್ಟು ಹೋದ.

ಜೂನ್ ೧೬, ಸೋಮವಾರ

ಮತ್ತೆ ಬಂದ. ಮತ್ತೆ ನಲವತ್ತೆರಡು ನಿಮಿಷ. ಇಪ್ಪತ್ತನೆಯ ನಿಮಿಷದ ಹೊತ್ತಿಗೆ ಗಾಜನ್ನೇ ನೋಡುತ್ತ ಹೇಳಿದ, "ಆ ಎಣ್ಣೆ ಕಾಗದಕ್ಕೆ ರುಜು ಹಾಕಿಬಿಟ್ಟಿದ್ದೆ. ನೀವು ಮೇಡಂಗೆ ಫೋನ್ ಮಾಡಿದ ದಿನ ಬೆಳಗ್ಗೆ. ಎಡಗೈಯಲ್ಲಿ ಬರೆಯೋಕೆ ಅರ್ಧ ಗಂಟೆ ಹಿಡೀತು."

ಸಾಬೂನಿನ ಡಬ್ಬದ ಮುಚ್ಚಳವನ್ನು ಮತ್ತೊಮ್ಮೆ ಬಿಗಿಮಾಡಿದೆ.

"ಆಮೇಲೆ ಮೇಡಂ ಹರಿದು ಹಾಕಿದ್ರು" ಎಂದ. "ಆದ್ರೂ ನಾನು ಹಾಕಿದ್ದು ಹಾಕಿದ್ದೇ. ಒಂದು ದಿನ ಮೊದಲು ಹೇಳಿದ್ರೆ ಹಾಕ್ತಿರಲಿಲ್ಲ."

"ಹೌದು" ಎಂದೆ.

ಏನಾದರೂ ಸಬೂಬು ಹೇಳುತ್ತೇನೆಂದು ಅವನು ಕಾದ ಹಾಗಿತ್ತು. ನನ್ನ ಬಳಿ ಸಬೂಬುಗಳಿಗೆ ಯಾವತ್ತೂ ಬರವಿಲ್ಲ. ಇವತ್ತೇಕೋ ಒಂದೂ ನೆನಪಾಗಲಿಲ್ಲ, ವಯಸ್ಸಾಯಿತು. ಉಳಿದ ಇಪ್ಪತ್ತೆರಡು ನಿಮಿಷ ಇಬ್ಬರೂ ಅಂಗಿ ತಿರುಗುವುದನ್ನು ನೋಡಿದೆವು.

ಜೂನ್ ೨೩, ಸೋಮವಾರ

ಮೂರು ಗಂಟೆಗೆ ಕಿಟಕಿಯಲ್ಲಿ ಉದ್ದಣ್ಣನ ಕೈ ಮಾತ್ರ ಕಾಣಿಸಿತು. ಅಂಗಿಯ ಸುರುಳಿಯನ್ನು ಹಲಗೆಯ ಮೇಲಿಟ್ಟು ಹೊರಟೇಬಿಟ್ಟ. ಮರೆತನೇನೋ ಎಂದು ಕಿಟಕಿಯಿಂದ ತಲೆ ಹಾಕಿ ಕೂಗಿದೆ, "ಇವತ್ತು ನಿಲ್ಲಲ್ವಾ?"

"ಬಸ್ಸಿಗೆ ಹೊತ್ತಾಯ್ತು" ಎಂದ, ತಿರುಗದೆ. ನಾಲ್ಕು ಹೆಜ್ಜೆ ಹೋಗಿ, "ನೀವಿದೀರಲ್ಲ" ಎಂದ.

ಅದು ಹೊಗಳಿಕೆಯೋ, ಕೆಲಸ ಹೇಳಿದ್ದೋ ತಿಳಿಯಲಿಲ್ಲ. ಕೆಲಸವೆಂದೇ ಇಟ್ಟುಕೊಂಡೆ. ಚೀಟಿ ಓದಿ, ಸಾಬೂನು ಅಳೆದು, ಮೆಷಿನು ಶುರುಮಾಡಿ ಗಾಜಿನ ಮುಂದೆ ನಿಂತೆ. ತಂಗಿ ಟೀಗೆ ಕರೆದಳು, ಆಮೇಲೆ ಬರುತ್ತೇನೆ ಎಂದೆ. ನಲವತ್ತೆರಡು ನಿಮಿಷ. ಈಗ ಎರಡೂ ಮಂಡಿ ಹಿಡಿದುಕೊಂಡಿವೆ, ಹೆಂಡತಿ ಎಣ್ಣೆ ಹಚ್ಚುತ್ತ ಬೈಯುತ್ತಿದ್ದಾಳೆ. ಅವಳು ಬೈಯುವುದರಲ್ಲಿ ನ್ಯಾಯವಿದೆ, ಮೆಷಿನು ತಾನೇ ನಿಲ್ಲುತ್ತದೆ, ನಾನು ನಿಲ್ಲಬೇಕಾದ ಅಗತ್ಯವೇನೂ ಇರಲಿಲ್ಲ.